ಉಟ್ರೆಕ್ಟಿನಲ್ಲಿ ಮುಸುರೆ

ಡಚ್ಚರಿಗೆ ದಿನದ ಎರಡು ಹೊತ್ತು ಬ್ರೆಡ್ಡು. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಮತ್ತೆ ಅದೇ ಬ್ರೆಡ್ಡು. ದೊಡ್ಡವರಾದರೆ ಅದರೊಳಗೆ ಚೀಸಿನ ಒಂದು ಪದರ, ಮಕ್ಕಳಾದರೆ ಬೆಣ್ಣೆ ಸವರಿ ಮೇಲೆ ಚಾಕೊಲೇಟಿನ ಪುಟ್ಟ ಕಡ್ಡಿಗಳ ಉದುರು. ಮಂತ್ರಿಯಿರಲಿ, ಸೈಕಲ್ ರಿಪೇರಿಯವನಿರಲಿ, ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಇಷ್ಟೇ. ಇಂಥ ದೇಶದ ನಟ್ಟನಡುವಿನ ಉಟ್ರೆಕ್ಟ್ ನಗರದಲ್ಲಿ, ಗೋಧಿಯ ಕಣವೂ ಹೊಟ್ಟೆಗೆ ಹೋಗಬಾರದ ಮಗಳನ್ನು ಬೆಳೆಸುವ ಯೋಗ ನಮ್ಮ ಜಾತಕದಲ್ಲಿತ್ತು.

ಅವಳ ತೂಕದ ಗೆರೆ ಮಕ್ಕಳ ಆರೋಗ್ಯ ಕೇಂದ್ರದ ನಕ್ಷೆಯಲ್ಲಿ ಮೇಲಕ್ಕೇರುವುದನ್ನು ಬಿಟ್ಟು ಮಲಗಿಬಿಟ್ಟಿತ್ತು. ಲೋಕದಲ್ಲೇ ಅತಿ ಎತ್ತರದ ಜನರ ನಡುವೆ ನಮ್ಮ ಅರಕಲಗೂಡಿನ ಕೂಸು ಗಿಡ್ಡಗಿರುವುದು ಮೊದಮೊದಲು ಯಾರಿಗೂ ವಿಶೇಷವೆನಿಸಲಿಲ್ಲ. ಊರಿನಿಂದ ಫೋನಿನಲ್ಲಿ ಸಲಹೆಗಳು ಬಂದವು. ಗೋಧಿಹಾಲು ಕೊಡಿ, ಹಾರ್ಲಿಕ್ಸ್ ಕೊಡಿ, ಗೋಧಿನುಚ್ಚಿನ ಪಾಯಸ ಕೊಡಿ. ಮಗುವಿಗೆ ಮೈ ಹಿಡಿಸಲು ನಮ್ಮವರು ಬಲ್ಲ ಮದ್ದುಗಳೆಲ್ಲ ಒಂದೇ ಕಾಳಿನ ಸಂತಾನ. ಕೊನೆಗೆ ರಕ್ತಪರೀಕ್ಷೆ, ಕರುಳಿನ ಪರೀಕ್ಷೆ ಎಲ್ಲ ಮುಗಿದು ಸೀಲಿಯಾಕ್ ಎಂದು ಗೊತ್ತಾಯಿತು. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟನ್ ಒಳಗೆ ಹೋದರೆ ಮೈ ತನ್ನದೇ ಸಣ್ಣ ಕರುಳಿನ ಮೇಲೆ ಏರಿಹೋಗುತ್ತದೆ. ಒಳಗೋಡೆಯ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗಿ, ಉಂಡದ್ದು ಮೈಗೆ ಹತ್ತುವುದಿಲ್ಲ. ಮಾತ್ರೆಯಿಲ್ಲ, ಸೂಜಿಯಿಲ್ಲ. ಗೋಧಿ ಬಿಡುವುದೇ ಔಷಧ, ಇರುವಷ್ಟು ಕಾಲ.

‘ಅಷ್ಟೇ ತಾನೆ’ ಎಂದು ಧೈರ್ಯವಾಗಿ ಆಸ್ಪತ್ರೆಯಿಂದ ಬಂದ ನನ್ನ ಹೆಂಡತಿ, ಆ ಸಂಜೆ ಅಡುಗೆಮನೆಯ ನೆಲದ ಮೇಲೆ ಕೂತು ಪ್ರತಿ ಡಬ್ಬಿಯ ಬೆನ್ನು ಓದತೊಡಗಿದಳು. ರವೆ, ಶಾವಿಗೆ, ಮೈದಾ ಹೋಗುವುದು ನಿರೀಕ್ಷಿತವೇ. ಅವಳನ್ನು ನಿಜಕ್ಕೂ ಕೂರಿಸಿದ್ದು ಇಂಗು. ಊರಿನಿಂದ ಹೊತ್ತು ತಂದ ಆ ಪುಟ್ಟ ಡಬ್ಬಿಯ ಬೆನ್ನ ಮೇಲೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಗೋಧಿಹಿಟ್ಟು ಸೇರಿದೆ ಎಂದಿತ್ತು. ‘ತಿಳಿಸಾರಿಗೂ ಬಂತಲ್ಲ ಇದು’ ಅಂದಳು. ಬ್ರೆಡ್ಡಿಗಾಗಿ ಅಳದವಳ ಕಣ್ಣು ಇಂಗಿಗಾಗಿ ಒದ್ದೆಯಾಯಿತು.

ಈ ರೋಗದ ಹಿಂದೆ ಗೋಧಿಯಿದೆಯೆಂದು ತೋರಿಸಿಕೊಟ್ಟವರು ಇದೇ ಬ್ರೆಡ್ಡಿನ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ ಎಂದು ಆಮೇಲೆ ಓದಿದೆ. ದಿ ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರಿಗೆ ಯುದ್ಧಕ್ಕೆ ಮುಂಚೆಯೇ ಗೋಧಿಯ ಮೇಲೆ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ, ಜರ್ಮನರ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿನಲ್ಲಿ ಬ್ರೆಡ್ಡಿಗೆ ತತ್ವಾರವಾಗಿ ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು. ಊರಿಗೆ ಊರೇ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರಂತೆ. ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರಂತೆ. 1950ರಲ್ಲಿ ಅವರು ಡಾಕ್ಟರೇಟ್ ಪ್ರಬಂಧ ಒಪ್ಪಿಸಿದ್ದು ನಮ್ಮ ಉಟ್ರೆಕ್ಟಿನ ವಿಶ್ವವಿದ್ಯಾಲಯಕ್ಕೇ. ಆ ಕಟ್ಟಡಗಳ ಮುಂದೆ ಸೈಕಲ್ಲಿನಲ್ಲಿ ಹೋಗುವಾಗ ಒಂದು ನಮಸ್ಕಾರ ಹಾಕಬೇಕೆನಿಸುತ್ತದೆ. ಕೈ ಬಿಟ್ಟರೆ ಕಾಲುವೆಗೆ ಬೀಳುತ್ತೇನೆಂದು ಮನಸ್ಸಿನಲ್ಲೇ ಹಾಕುತ್ತೇನೆ.

ಅಂಗಡಿಯ ಪೊಟ್ಟಣದ ಮೇಲೆ ಗ್ಲುಟನ್ ಇಲ್ಲವೆಂದು ಬರೆಯಬೇಕಾದರೆ ಯುರೋಪಿನ ಕಾನೂನಿನಂತೆ ಒಂದು ಕಿಲೋದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದು. ಕಾನೂನು ಪೊಟ್ಟಣವನ್ನು ಕಾಯುತ್ತದೆ, ನಮ್ಮ ಸೌಟನ್ನು ಯಾರು ಕಾಯಬೇಕು? ಚಪಾತಿ ಮುಟ್ಟಿದ ಕೈ ಅನ್ನದ ಪಾತ್ರೆಗೆ ಹೋಗಬಾರದು, ಬ್ರೆಡ್ಡಿಗೆ ತಾಗಿದ ಚಾಕು ಬೆಣ್ಣೆಗೆ ಇಳಿಯಬಾರದು. ಪಥ್ಯತಜ್ಞೆ ಕೊಟ್ಟ ಪಟ್ಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡು ನಾವು ಒದ್ದಾಡುತ್ತಿದ್ದಾಗ ಅಮ್ಮ ಬಂದಳು, ವೀಸಾ ಕೊಟ್ಟ ಮೂರು ತಿಂಗಳ ಮಟ್ಟಿಗೆ.

ನನ್ನ ಹುಡುಗುತನವೆಲ್ಲ ಅಮ್ಮನ ಮಡಿಯ ವಿರುದ್ಧ ಸತ್ಯಾಗ್ರಹದಲ್ಲಿ ಕಳೆದಿತ್ತು. ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟುವಂತಿಲ್ಲ, ಸಾರಿನ ಸೌಟು ತುಪ್ಪದ ಕಡೆ ತಿರುಗುವಂತಿಲ್ಲ, ಉಪ್ಪಿನಕಾಯಿ ಜಾಡಿಯ ಬಳಿ ಸುಳಿಯುವಂತೆಯೇ ಇಲ್ಲ. ಕಾಲೇಜಿನಲ್ಲಿ ನಾಲ್ಕು ಪುಸ್ತಕ ಓದಿ ಬಂದು ಊಟದ ನಡುವೆ ಮೌಢ್ಯದ ಮೇಲೆ ಭಾಷಣ ಬಿಗಿದರೆ, ಅಮ್ಮ ಪೂರ್ತಿ ಕೇಳಿ, ‘ಆಯ್ತು, ಕೈ ತೊಳ್ಕೊಂಡು ಮೊಸರು ಹಾಕ್ಕೋ’ ಅನ್ನುತ್ತಿದ್ದಳು. ಮನುಷ್ಯರನ್ನು ದೂರ ನಿಲ್ಲಿಸುವ ಮಡಿಯ ಬಗ್ಗೆ ನನ್ನ ಭಾಷಣ ಇವತ್ತಿಗೂ ಅದೇ. ಸೌಟುಗಳನ್ನು ದೂರ ನಿಲ್ಲಿಸುವ ಮಡಿಯ ವಿಷಯದಲ್ಲಿ ಮಾತ್ರ ಉಟ್ರೆಕ್ಟಿನಲ್ಲಿ ನನ್ನ ಬಾಯಿ ಕಟ್ಟಿತು.

ಹೆಂಡತಿ ಪಟ್ಟಿ ಓದಿ ಹೇಳುತ್ತ ಅರ್ಧಕ್ಕೆ ಬರುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಯಾಗಿತ್ತು. ‘ಇದು ಮುಸುರೆ ಕಣೇ. ಇದಕ್ಕೆ ಕಾಗದ ಬೇರೆ ಯಾಕೆ ಕೊಟ್ರು?’ ಮಗಳ ಪಾತ್ರೆಗಳು ಮೇಲಿನ ಗೂಡಿಗೆ ಹೋದವು, ಮೇಲಿನಿಂದ ಹಿಟ್ಟು ಉದುರಬಾರದು ನೋಡಿ. ನನ್ನ ಟೋಸ್ಟರು ಮೈಲಿಗೆಯಾಗಿ ಬಾಲ್ಕನಿ ಸೇರಿತು. ದೋಸೆಯ ಕಬ್ಬಿಣದ ಹಂಚನ್ನು ಬೆಳಕಿಗೆ ಹಿಡಿದು, ಅದರ ಕಪ್ಪು ಮೈಯನ್ನು ಉಗುರಿನಿಂದ ಕೆರೆದು ನೋಡಿ, ‘ಇದರ ಮೇಲೆ ಚಪಾತಿ ಮಾಡ್ತಿದ್ರಾ? ಹಿಟ್ಟು ಕುಡಿದಿರುತ್ತೆ ಇದು, ಎಷ್ಟು ತೊಳೆದ್ರೂ ಹೋಗಲ್ಲ. ಬೇರೆ ತನ್ನಿ’ ಎಂದಳು. ಆಸ್ಪತ್ರೆಯ ಪಟ್ಟಿಯಲ್ಲಿ ಹಂಚಿನ ಮಾತೇ ಇರಲಿಲ್ಲ. ಮುಂದಿನ ಭೇಟಿಯಲ್ಲಿ ಹೇಳಿದರೆ ಪಥ್ಯತಜ್ಞೆ ಬರೆದುಕೊಂಡು, ‘ನಿಮ್ಮ ತಾಯಿ ಈ ವಿಷಯ ಎಲ್ಲಿ ಓದಿದರು?’ ಎಂದು ಕೇಳಿದಳು.

ಏಕಾದಶಿಗೆ ಅಮ್ಮ ಅನ್ನ ಬಿಟ್ಟು ಉಪ್ಪಿಟ್ಟು ತಿನ್ನುವುದು ರೂಢಿ. ಇಲ್ಲಿ ಉಪ್ಪಿಟ್ಟನ್ನೂ ಬಿಟ್ಟು ಬಾಳೆಹಣ್ಣು, ಸಬ್ಬಕ್ಕಿಗೆ ಇಳಿದಳು. ಮಗಳು ಪಕ್ಕದಲ್ಲಿ ಕೂತು ವಿಚಾರಿಸಿದಳು: ‘ಅಜ್ಜಿ, ನೀನು ತಿಂಗಳಲ್ಲಿ ಎರಡೇ ದಿನ ಬಿಡೋದಾ? ನಾನು ದಿನಾ.’ ‘ನಿನಗೇ ಪುಣ್ಯ ಜಾಸ್ತಿ ಬಿಡು’ ಅಂದಳು ಅಮ್ಮ.

ಪುಣ್ಯಕ್ಕೂ ಪರೀಕ್ಷೆ ಬಂತು. ಪರಿಚಿತರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ವಾರವಿಡೀ ಸಾಫ್ಟ್‌ವೇರ್ ಬರೆದು ವಾರಾಂತ್ಯಕ್ಕೆ ಪುರೋಹಿತರಾಗುವ ತರುಣರೊಬ್ಬರು ಟ್ಯಾಬ್ಲೆಟ್ ನೋಡಿಕೊಂಡು ಕಥೆ ಹೇಳಿದರು. ಗಂಡ ಬಂದನೆಂಬ ಸಂಭ್ರಮದಲ್ಲಿ ಕಲಾವತಿ ಪ್ರಸಾದ ಬಿಟ್ಟು ಓಡುತ್ತಾಳೆ, ಹಡಗು ಮುಳುಗುತ್ತದೆ. ಆಮೇಲೆ ದೊನ್ನೆಗಳಲ್ಲಿ ರವೆಯ ಸಜ್ಜಿಗೆ ಬಂತು. ಮಗಳು ಕೈಯೊಡ್ಡಲಿಲ್ಲ. ಹಿರಿಯರೊಬ್ಬರು ‘ಒಂದು ಕಾಳು ಬಾಯಿಗೆ ಹಾಕ್ಕೋ ಪುಟ್ಟಿ, ದೇವರದು ಏನೂ ಮಾಡಲ್ಲ’ ಅಂದರು. ಅವಳು ನನ್ನ ಕಿವಿಯಲ್ಲಿ, ಡಚ್ಚಿನಲ್ಲಿ, ಈಗ ಯಾವುದಾದರೂ ದೋಣಿ ಮುಳುಗುತ್ತಾ ಎಂದು ಕೇಳಿದಳು. ನಮ್ಮ ಮನೆಯಿಂದ ಹೊರಟರೆ ಮೊದಲು ಸಿಗುವುದೇ ಕಾಲುವೆ. ಅಲ್ಲಿನ ಎಲ್ಲ ದೋಣಿಗಳ ಹೆಸರೂ ಅವಳಿಗೆ ಬಾಯಿಪಾಠ. ನನಗೆ ಉತ್ತರ ಹೊಳೆಯುವ ಮುಂಚೆಯೇ ಅಮ್ಮ ಪುರೋಹಿತರಿಗೆ, ‘ಮೊದಲನೇ ಅಧ್ಯಾಯಕ್ಕೆ ಹೋಗಪ್ಪ’ ಎಂದಳು. ಅವರು ಬೆರಳಿನಿಂದ ಮೇಲೆ ತಳ್ಳುತ್ತ ಹೋದರು. ಬಾಳೆಹಣ್ಣು, ತುಪ್ಪ, ಹಾಲು, ಗೋಧಿಯ ಹಿಟ್ಟು. ಅದು ಇಲ್ಲದಿದ್ದರೆ ಅಕ್ಕಿಹಿಟ್ಟು. ಸ್ಪಷ್ಟವಾಗಿಯೇ ಇತ್ತು. ‘ಅವನೇ ಒಪ್ಪಿದಾನೆ, ನಿಮ್ಮದೇನು?’ ಎಂದು ಅಮ್ಮ ಹಿರಿಯರತ್ತ ತಿರುಗಿ, ಮೊಮ್ಮಗಳ ಕೈಗೆ ನೈವೇದ್ಯದ ಒಂದು ಬಾಳೆಹಣ್ಣು ಇಟ್ಟಳು.

ಶಾಲೆಯಲ್ಲಿ ಅಜ್ಜಿ ಇಲ್ಲವಲ್ಲ. ಇಲ್ಲಿ ಹುಟ್ಟುಹಬ್ಬದ ಮಗುವೇ ತರಗತಿಗೆಲ್ಲ ತಿಂಡಿ ತರುವ ಪದ್ಧತಿ. ಟೀಚರಿನ ಕಪಾಟಿನಲ್ಲಿ ನಮ್ಮ ಮಗಳ ಹೆಸರು ಬರೆದ ಒಂದು ತಗಡಿನ ಡಬ್ಬಿಯಿದೆ. ಎಲ್ಲರೂ ಕೇಕಿಗೆ ಸಾಲು ನಿಂತಾಗ ಅವಳು ತಾನಾಗಿ ಎದ್ದು ಹೋಗಿ, ಡಬ್ಬಿ ತೆರೆದು, ಒಂದು ಮಿಠಾಯಿ ಆರಿಸಿ, ಮುಚ್ಚಳ ಒತ್ತಿ, ಬಂದು ಕೂರುತ್ತಾಳೆ. ಒಮ್ಮೆ ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಳು ಇಲ್ಲ, ಆಸೆಯ ನೋಟವೂ ಇಲ್ಲ. ಎಷ್ಟೋ ವರ್ಷ ಒಂದೇ ಕಚೇರಿಯಲ್ಲಿ ದುಡಿದ ಗುಮಾಸ್ತೆಯ ಅಚ್ಚುಕಟ್ಟು. ಹಟ ಹಿಡಿದು ರಂಪ ಮಾಡಿದ್ದರೆ ನನಗೆ ಎಷ್ಟೋ ವಾಸಿಯಿತ್ತು. ಡಿಸೆಂಬರಿನಲ್ಲಿ, ಮಕ್ಕಳಿಗೆ ಉಡುಗೊರೆ ತರುವ ಸಂತ ಸಿಂಟರ್‌ಕ್ಲಾಸನ ಸೇವಕರು ಮಕ್ಕಳ ಮೇಲೆ ಮಸಾಲೆ ಬಿಸ್ಕತ್ತಿನ ಚೂರುಗಳನ್ನು ಎರಚುವಾಗ ಎಲ್ಲರಿಗಿಂತ ಹೆಚ್ಚು ಆರಿಸುವವಳು ಅವಳೇ. ಬೊಗಸೆ ತುಂಬಾ ತಂದು ನನ್ನ ಕೋಟಿನ ಜೇಬಿಗೆ ಸುರಿದು, ಕೈ ತೊಳೆಯಲು ಓಡುತ್ತಾಳೆ. ನಾನು ರೈಲಿನಲ್ಲಿ ಅವನ್ನು ತಿನ್ನುತ್ತೇನೆ. ರುಚಿಯಾಗಿರುತ್ತವೆ, ಅದೇ ಬೇಜಾರು.

ಅಮ್ಮನಿಗೆ ಈಗ ಸಕ್ಕರೆ ಕಾಯಿಲೆ. ನಮ್ಮ ಕಡೆ ಡಾಕ್ಟರು ರಾತ್ರಿ ಚಪಾತಿ ತಿನ್ನಿ ಎನ್ನದ ಸಕ್ಕರೆ ರೋಗಿಯುಂಟೇ? ಅಮ್ಮ ತಿನ್ನುವುದಿಲ್ಲ. ಅರಕಲಗೂಡಿನ ಮನೆಗೆ ಗೋಧಿಹಿಟ್ಟು ತರಿಸುವುದನ್ನೇ ನಿಲ್ಲಿಸಿ, ಒಬ್ಬಳೇ ಕೂತು ಸಣ್ಣದೊಂದು ರಾಗಿಮುದ್ದೆ ನುಂಗುತ್ತಾಳೆ. ‘ಅವಳು ಬರೋದು ಯಾವಾಗಲೋ ಒಂದ್ಸಲ ಅಲ್ವೇನಮ್ಮ, ಅಲ್ಲೀವರೆಗೂ ಪಥ್ಯ ಯಾಕೆ?’ ಎಂದು ವಿಡಿಯೋದಲ್ಲಿ ಕೇಳಿದರೆ, ‘ಹಂಚು ಮುಸುರೆ ಆಗಿಬಿಡುತ್ತೆ ಕಣೋ’ ಅನ್ನುತ್ತಾಳೆ. ಆಮೇಲೆ ಮಾಮೂಲಿ ಪ್ರಶ್ನೆ, ಟಿಕೆಟ್ ತೆಗೆಸಿದ್ರಾ ಎಂದು. ನೋಡ್ತಾ ಇದೀವಮ್ಮ, ಡಿಸೆಂಬರಿಗೆ ರೇಟು ತುಂಬಾ ಇದೆ, ಅನ್ನುತ್ತೇನೆ ನಾನು.