ಮಲಗಿದ ಸುರುಳಿ, ನಿಂತ ಸುರುಳಿ

ಸ್ಪೀಕರ್ ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ಇಣುಕಿದವರು ಕಡಿಮೆ. ಅಂಗೈಯಗಲದ ಒಂದು ಹಲಗೆ, ಅದರ ಮೇಲೆ ತಾಮ್ರದ ತಂತಿಯ ಸುರುಳಿಗಳು, ಒಂದೆರಡು ಕೆಪಾಸಿಟರ್. ಇದೇ ಕ್ರಾಸ್‌ಓವರ್. ಮೃದಂಗದ ಗುಮ್ಕಿಯನ್ನು ದೊಡ್ಡ ಊಫರ್‌ಗೂ ತಾಳದ ಕಿಣಿಕಿಣಿಯನ್ನು ಪುಟ್ಟ ಟ್ವೀಟರ್‌ಗೂ ಹಂಚುವ ಪಾರುಪತ್ಯಗಾರ.

ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಗ ಇಂಥದೊಂದನ್ನು ಕಟ್ಟಲು ಕೂತಳು. ಮನೆಯಾಕೆಗೆ ಕಳವಳ. "ರೀ, ಸಿಇಟಿ ಹತ್ತಿರ ಬಂತು, ಇವಳು ತಂತಿ ಸುತ್ತುತ್ತಾ ಕೂತಿದ್ದಾಳೆ. ನೀವಾದರೂ ಒಂದು ಮಾತು ಹೇಳಬಾರದೆ?" ಹೇಳಲು ಹೋದವನು ಪಕ್ಕದಲ್ಲೇ ಕೂತುಬಿಟ್ಟೆ. ಕೊನೆಗೆ ಭಾನುವಾರದ ಗಡುವು ಬಿತ್ತು. ಆಮೇಲೆ ಎಲ್ಲವೂ ಅಟ್ಟಕ್ಕೆ.

ಲೆಕ್ಕ ಸುಲಭವಾಗಿತ್ತು. ಎಂಟು ಓಮಿನ ಊಫರ್ ಮುಂದೆ ಒಂದೇ ಸುರುಳಿಯಿಟ್ಟು 3000 ಹರ್ಟ್ಸ್ ಮೇಲಿನದನ್ನು ತಗ್ಗಿಸಬೇಕೆಂದರೆ ಸುಮಾರು 0.42 ಮಿಲಿಹೆನ್ರಿ ಸಾಕು. ಅವಳದು ಟ್ವೀಟರ್‌ಗೂ ಒಂದು ಸುರುಳಿ ಬೇಡುವ ವಿನ್ಯಾಸ. ತೊಡಕು ಶುರುವಾದದ್ದು ಇವೆರಡನ್ನು ಎಲ್ಲಿಡುವುದು ಎಂಬಲ್ಲಿ. ಅಕ್ಕಪಕ್ಕ ಮಲಗಿಸಿದರೆ ನೋಡಲು ಚಂದ. ಆದರೆ ಒಂದರಲ್ಲಿ ಹಾಡಿನೊಡನೆ ಏರಿಳಿಯುವ ವಿದ್ಯುತ್ತು ಸುತ್ತಲೂ ಏರಿಳಿಯುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಅದು ನೆರೆಯ ಸುರುಳಿಯಲ್ಲಿ ವೋಲ್ಟೇಜು ಎಬ್ಬಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದು ಇದನ್ನೇ. ಪಕ್ಕದ ಮನೆಯ ಒಗ್ಗರಣೆ ಘಾಟು ನಮ್ಮ ನಡುಮನೆಗೆ ಬಂದ ಹಾಗೆ, ಊಫರ್ ಪಾಲಿನದು ಟ್ವೀಟರ್‌ಗೆ ಸೋರುತ್ತದೆ.

ಎಷ್ಟು ಸೋರುತ್ತದೆ? ಆಂಪ್ಲಿಫೈಯರಿನಿಂದ ಎಂಟು ಓಮಿನ ರೆಸಿಸ್ಟರ್ ಮೂಲಕ ಒಂದು ಸುರುಳಿಗೆ ಒಂದೇ ಶ್ರುತಿಯ ಸದ್ದು ಕೊಟ್ಟು, ಇನ್ನೊಂದಕ್ಕೆ ಮಲ್ಟಿಮೀಟರನ್ನು ಎ.ಸಿ.ಯಲ್ಲಿಟ್ಟು ಜೋಡಿಸಿದೆವು. ಒಂದರ ಮೇಲೊಂದು ಪೇರಿಸಿದಾಗ ಮೀಟರು ಜಿಗಿಯಿತು. ಪಕ್ಕಕ್ಕಿಟ್ಟಾಗ ಇಳಿಯಿತು. ಎರಡನೆಯದನ್ನು ಬಳೆಯಂತೆ ಎತ್ತಿ ನಿಲ್ಲಿಸಿದಾಗ ಸೊನ್ನೆಯ ಹತ್ತಿರ!

ಲಂಬವಾಗಿಟ್ಟರೆ ಮುಗಿಯಿತು ಎಂದು ಅನೇಕರು ಹೇಳುವುದುಂಟು. ಹಾಗಲ್ಲ. ನಿಂತ ಸುರುಳಿಯ ತೂತು ಮಲಗಿದ ಸುರುಳಿಯ ಕಡೆಗೆ ಮುಖಮಾಡಿದ್ದಾಗ ಅದನ್ನು ಹಾಗೆಯೇ ಮೇಲಕ್ಕೆತ್ತಿ ನೋಡಿ, ಮೀಟರು ಮತ್ತೆ ಏಳುತ್ತದೆ. ಕಾಂತರೇಖೆಗಳು ಬಾಗುತ್ತವಲ್ಲ, ಅಲ್ಲಿ ಅವು ಓರೆಯಾಗಿ ತೂತಿನೊಳಗೆ ನುಗ್ಗುತ್ತವೆ. ತೂತನ್ನು ಪಕ್ಕಕ್ಕೆ ತಿರುಗಿಸಿ ಎತ್ತಿದರೆ ಏಳುವುದಿಲ್ಲ. ಈ ವ್ಯತ್ಯಾಸವನ್ನು ಮಗಳೇ ಹಿಡಿದದ್ದು. ಅವಳ ಪುಸ್ತಕದ ಚಿತ್ರದಲ್ಲಿ ಅದೇ ಬಾಗಿದ ರೇಖೆಗಳಿದ್ದವು, ಪರೀಕ್ಷೆಗೆ ಅಂಡರ್‌ಲೈನ್ ಕೂಡ ಮಾಡಿದ್ದಳು.

ದೂರವೂ ನೆರವಾಗುತ್ತದೆ: ಸುರುಳಿಗಳ ಗಾತ್ರಕ್ಕಿಂತ ಸಾಕಷ್ಟು ಹೆಚ್ಚಿನ ಅಂತರದಲ್ಲಿ, ದೂರ ಇಮ್ಮಡಿಯಾದರೆ ಸೋರಿಕೆ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಬಿಗಿಯಲು ಕಬ್ಬಿಣದ ಬೋಲ್ಟ್ ಬೇಡ, ಹಿತ್ತಾಳೆಯದಾಗಲಿ. ಸ್ಪೀಕರಿನ ಅಯಸ್ಕಾಂತದ ಬೆನ್ನಿಗೂ ಅಂಟಿಸಬೇಡಿ. ಇಷ್ಟೆಲ್ಲ ಕಿವಿಗೆ ಗೊತ್ತಾಗುತ್ತದೆಯೇ ಎಂದರೆ, ಗೇಣುದ್ದ ದೂರವಿದ್ದರೆ ನನ್ನ ಕಿವಿಗಂತೂ ಇಲ್ಲ.

ಶನಿವಾರ ಸಂಜೆ ಮನೆಯಾಕೆ ಕಾಫಿ ತಂದವಳು, "ಎಲ್ಲಿ, ಸೊನ್ನೆ ತೋರಿಸು" ಎಂದಳು. ಮಗಳು ಸುರುಳಿಯನ್ನು ಅಮ್ಮನ ಕೈಗೇ ಕೊಟ್ಟಳು. ಅವಳು ತಿರುಗಿಸಿದಳು, ಮೀಟರು ನೋಡಿದಳು, ಮತ್ತೆ ತಿರುಗಿಸಿದಳು. ಕಾಫಿ ಆರಿತು. ಗಡುವು ಬುಧವಾರಕ್ಕೆ ಹೋಯಿತು.