ಗದಗಿನ ಗುಡಿ, ಕಪ್ಪತಗುಡ್ಡದ ಬಿಸಿಲು, ನಡುವೆ ಒಂದು ಝೂಮ್ ಲೆನ್ಸು!

ಖಳನಾಯಕ ಬಾಗಿಲು ತೆರೆದ ಕೂಡಲೇ ಕ್ಯಾಮೆರಾ ‘ಝುಂಯ್’ ಎಂದು ಅವನ ಮುಖಕ್ಕೇ ನುಗ್ಗುತ್ತಿದ್ದ ಕಾಲವೊಂದಿತ್ತು. ಅದಕ್ಕೇ ಶಿಳ್ಳೆ, ಅದಕ್ಕೇ ಚಪ್ಪಾಳೆ! ಆ ಝೂಮ್ ಲೆನ್ಸು ಈಗ ಸಿನಿಮಾದವರ ಸೊತ್ತಾಗಿ ಉಳಿದಿಲ್ಲ. ಗದಗ-ಬೆಟಗೇರಿಯಲ್ಲಿ ಮದುವೆ ಫೋಟೋ ತೆಗೆಯುವ ಹುಡುಗನ ಹೆಗಲಲ್ಲೂ ಮಿರರ್‌ಲೆಸ್ ಕ್ಯಾಮೆರಾ ತೂಗುತ್ತಿದೆ. ಅದರ ಜೊತೆ ಬಂದ ಕಿಟ್ ಲೆನ್ಸು ಬಿಟ್ಟು, ಲಕ್ಷ ದಾಟುವ 24-70, ಎಫ್ 2.8 ಲೆನ್ಸು ಕೊಳ್ಳಬೇಕೇ? ಅದಕ್ಕಾಗಿ ಸಾಲ ಮಾಡಬೇಕೇ? ಬನ್ನಿ ಗೆಳೆಯರೇ, ಬಸ್ಸು ಹತ್ತೋಣ. ಉತ್ತರ ಊರುಗಳೇ ಹೇಳ್ತಾವೆ.

ಮೊದಲು ಗದಗ. ತ್ರಿಕೂಟೇಶ್ವರನ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ನೋಡಿ, ಕಲ್ಲಿನಲ್ಲಿ ಕುಸುರಿ! ಆದರೆ ಒಳಗೆ ಬೆಳಕು ಕಮ್ಮಿ. ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಊರುವಂತಿಲ್ಲ. ಲೆನ್ಸಿನ ಅಂಕಿ ಚಿಕ್ಕದಾದಷ್ಟೂ ಅದರ ಕಣ್ಣು ದೊಡ್ಡದು. ಕಿಟ್ ಲೆನ್ಸನ್ನು 70ಕ್ಕೆ ಎಳೆದರೆ ಕಣ್ಣು 5.6ಕ್ಕೆ ಕಿರಿದಾಗುತ್ತದೆ. 2.8ರ ಲೆನ್ಸು ಅಲ್ಲೇ ನಾಲ್ಕು ಪಟ್ಟು ಬೆಳಕು ಕುಡಿಯುತ್ತದೆ. ಕೈ ಅಲುಗಿ 1/30 ಸೆಕೆಂಡಿನಲ್ಲಿ ಕೆಡುತ್ತಿದ್ದ ಚಿತ್ರ 1/125ರಲ್ಲಿ ನಿಚ್ಚಳ! 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಮೇಣದಬತ್ತಿಯ ಬೆಳಕಲ್ಲೇ ದೃಶ್ಯ ಸೆರೆಹಿಡಿದದ್ದು ಎಫ್ 0.7 ಲೆನ್ಸಿನಿಂದ. ಲೆಕ್ಕ ಇದೇ.

ಲಕ್ಷ್ಮೇಶ್ವರದ ದಾರಿಯಲ್ಲಿ ಮಾಗಡಿ ಕೆರೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುವ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಇಲ್ಲಿ ನಿಮ್ಮ ಲಕ್ಷದ ಲೆನ್ಸು ಸುಮ್ಮನೆ! 70ರಲ್ಲಿ ಹಕ್ಕಿ ಬರೀ ಚುಕ್ಕೆ. 400ರಿಂದಾಚೆಗಿನ ಲೆನ್ಸೇ ಬೇಕು.

ಲಕ್ಷ್ಮೇಶ್ವರದಲ್ಲಿ, ಅಂದರೆ ಹಳೆಯ ಪುಲಿಗೆರೆಯಲ್ಲಿ, ಮತ್ತೆ ಅದರ ದರ್ಬಾರು. ಸೋಮೇಶ್ವರ ಗುಡಿಯ ಅಂಗಳದಲ್ಲಿ ಗೆಳೆಯನನ್ನು ನಿಲ್ಲಿಸಿ, 70ಕ್ಕೆ ಎಳೆದು, 2.8ಕ್ಕೆ ತೆರೆಯಿರಿ. ಮುಖ ಚೂಪು, ಹಿಂದಿನ ಕಂಬಗಳು ಬೆಣ್ಣೆಯಂತೆ ಕರಗಿರುತ್ತವೆ. ಥೇಟ್ ಹೀರೋ ಕ್ಲೋಸಪ್!

ಶಿರಹಟ್ಟಿಯಲ್ಲಿ ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠ. ಜಾತ್ರೆಯ ಗದ್ದಲದಲ್ಲಿ, ಧೂಳಿನಲ್ಲಿ ಲೆನ್ಸು ಬಿಚ್ಚಿದಿರೋ, ಮಿರರ್‌ಲೆಸ್ ಕ್ಯಾಮೆರಾದ ಸೆನ್ಸರ್ ಬಯಲಿಗೆ ಬಿತ್ತು! ತೇರೂ ಬೇಕು, ಮುಖವೂ ಬೇಕು ಅಂದರೆ ಒಂದೇ ಝೂಮ್ ವಾಸಿ. ಆದರೆ ಕುತ್ತಿಗೆಯನ್ನೂ ಕೇಳಿ: ಸೋನಿಯ 2016ರ 24-70 ಜಿಎಂ 886 ಗ್ರಾಂ, 2022ರದು 695 ಗ್ರಾಂ. ಟ್ಯಾಮ್ರಾನ್‌ನ 2018ರ 28-75 ಬರೀ 550 ಗ್ರಾಂ, ಬೆಲೆಯೂ ಕಡಿಮೆ, ಕಣ್ಣು ಅದೇ 2.8.

ಕೊನೆಗೆ ಮುಂಡರಗಿ ಸೀಮೆ. ಕಪ್ಪತಗುಡ್ಡದ ಮೇಲೆ ಗಾಳಿಗಿರಣಿಗಳು, ನೆತ್ತಿ ಸುಡುವ ಬಿಸಿಲು. ಇಲ್ಲಿ ಎಫ್ 8ಕ್ಕೆ ಇಟ್ಟು ತೆಗೆದರೆ ಕಿಟ್ ಲೆನ್ಸಿನ ಚಿತ್ರ ಯಾವುದು, ದುಬಾರಿಯದ್ದು ಯಾವುದು ಅಂತ ಕಣ್ಣಳತೆಯಲ್ಲಿ ಹೇಳೋದು ಕಷ್ಟ.

ಇನ್ನೊಂದು ಮಾತು. ನಿಮ್ಮದು ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಆದರೆ 24-70 ಅದರಲ್ಲಿ ಸುಮಾರು 36-105ರಂತೆ ಕಾಣುತ್ತದೆ. ಇಕ್ಕಟ್ಟಿನ ಮದುವೆ ಮನೆಯಲ್ಲಿ ಗೋಡೆಗೆ ಬೆನ್ನು ತಾಗೀತು! ಅದಕ್ಕೆಂದೇ ಸಿಗ್ಮಾ 18-50, ಟ್ಯಾಮ್ರಾನ್ 17-70 ಇವೆ, ಎರಡೂ 2.8ರವೇ.

ರಾತ್ರಿ ಮದುವೆ, ಗುಡಿ, ಜಾತ್ರೆ ನಿಮ್ಮ ಕಸುಬಾದರೆ ಕೊಳ್ಳಿ. ಅದಕ್ಕೂ ಮೊದಲು ಒಂದು ಮದುವೆಗೆ ಬಾಡಿಗೆ ತಂದು ನೋಡಿ. ಬರೀ ಹೆಗಲ ಮೇಲಿನ ಶೋಕಿಗಾದರೆ ಬೇಡ. ಈ ಕಡೆಯ ಮಾತಿನಲ್ಲೇ ಹೇಳೋದಾದರೆ, ದುಡಿದ್ರ ಲೆನ್ಸು, ದುಡೀಲಿಲ್ಲಂದ್ರ ಸಾಲ!