ಹಳೆಯ ಹರಿಗೋಲನ್ನು ನೋಡುವುದು ಹೇಗೆ?

ಆದೋನಿಯಿಂದ ಮಂತ್ರಾಲಯಕ್ಕೆ ಬಂದವರು ತುಂಗಭದ್ರೆಯ ದಡದಲ್ಲಿ ಬೋರಲು ಹಾಕಿದ ಹರಿಗೋಲು ಕಂಡರೆ ಒಂದು ಗಳಿಗೆ ನಿಂತು ನೋಡಬೇಕು. ಆಚೆ ದಡ ರಾಯಚೂರು ಜಿಲ್ಲೆ. 1953ರವರೆಗೆ ಈಚೆಯ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಸೇತುವೆಗಳು ಬರುವ ಮುಂಚೆ ಎರಡೂ ದಡದ ನೆಂಟರನ್ನು ದಾಟಿಸಿದ್ದು ಈ ಬಿದಿರಿನ ಹೆಣಿಗೆಯೇ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ, ಎತ್ತು ಕೂಡ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತೊಗಲಿನದು ಕಣ್ಣಿಗೆ ಬೀಳುವುದೇ ಅಪರೂಪ.

ಹಳೆಯದಾದರೆ ಮೊದಲು ಅಂಚಿನ ಕಟ್ಟು ನೋಡಿ. ಅದು ಸಡಿಲಾದರೆ ದುಂಡು ಕೆಡುತ್ತದೆ. ಆಮೇಲೆ ತಳ. ಬಿದಿರಿನ ಸೀಳನ್ನು ಹೆಬ್ಬೆರಳಿನಿಂದ ಒತ್ತಿದರೆ ಬಾಗಿ ಮತ್ತೆ ನೆಟ್ಟಗಾಗಬೇಕು. ಪುಡಿ ಉದುರಿದರೆ ಹುಳ ಹೊಕ್ಕಿದೆ ಎಂದೇ ಲೆಕ್ಕ.

ಇನ್ನು ನಡೆ. ಇದಕ್ಕೆ ಹಿಂದು ಮುಂದು ಇಲ್ಲ, ಚುಕ್ಕಾಣಿಯೂ ಇಲ್ಲ. ಹುಟ್ಟು ತಪ್ಪಿದರೆ ಗಿರಗಿರ ತಿರುಗುತ್ತದೆ. ಸೆಳವಿಗೆ ಎದುರು ಹೋಗುವುದು ಕಷ್ಟ. ಅದಕ್ಕೇ ಮೇಲಿನಿಂದ ಹೊರಟು ಕೆಳಗೆ ದಡ ಮುಟ್ಟಿಸಿ, ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ನಡೆಯುತ್ತಾರೆ. ಆದರೆ ಆಳವಿಲ್ಲದ ನೀರಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಬಳುಕಿ ಜಾರುತ್ತದೆ. ಬೇಸಿಗೆಯಲ್ಲಿ ಕಲ್ಲೆದ್ದು ನಿಲ್ಲುವ ಈ ನದಿಗೆ ಮರದ ದೋಣಿಗಿಂತ ಹರಿಗೋಲೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹತ್ತುವವರು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಹೊಳೆ ತುಂಬಿ ಬಂದ ದಿನ ಹತ್ತಲೇಬೇಡಿ.